ನೆಗೆತದ ಲೆಕ್ಕ

ಘಟಪ್ರಭಾ ನದಿಯು ಗೋಕಾಕದ ಬಳಿಯಲ್ಲಿ 52 ಮೀಟರುಗಳಷ್ಟು ಆಳಕ್ಕೆ ಒಮ್ಮೆಲೇ ಧುಮುಕುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಆ ಬಂಡೆಯ ಅಂಚಿನಿಂದ ಕಲ್ಲೊಂದು ಜಾರಿ ಬಿದ್ದಿತೆಂದು ಭಾವಿಸೋಣ. ಗಾಳಿಯ ತಡೆಯನ್ನು ಗಣನೆಗೆ ತಾರದಿದ್ದರೆ, ಅದು ತಳವನ್ನು ಮುಟ್ಟಲು ಸುಮಾರು 3.3 ಸೆಕೆಂಡುಗಳು ಸಾಕು. ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 115 ಕಿಲೋಮೀಟರು. ಪ್ರೌಢಶಾಲೆಯ ಪುಸ್ತಕದಲ್ಲಿರುವ ಸೂತ್ರದಿಂದಲೇ ಈ ಉತ್ತರ ದೊರೆಯುತ್ತದೆ.

ಅದೇ ಅಂಚಿನಿಂದ ಅದೇ ಕ್ಷಣದಲ್ಲಿ ಮತ್ತೊಬ್ಬನು ಕೆಳಗೆ ಕಾಲಿಟ್ಟನೆನ್ನೋಣ. ಅವನು ಮನುಷ್ಯನಲ್ಲ, ದಪ್ಪ ಮೀಸೆಯ, ಟೊಪ್ಪಿಗೆ ಧರಿಸಿದ ಮಾರಿಯೋ ಎಂಬ ಆಟದ ಬೊಂಬೆ. ಅವನ ಲೋಕದಲ್ಲಿ ಬೀಳುವ ವಸ್ತುವನ್ನು ಎಳೆಯುವ ಗುರುತ್ವವು, ನಾವು ಮುಂದೆ ಲೆಕ್ಕ ಹಾಕಿ ನೋಡಲಿರುವಂತೆ, ನಮ್ಮ ಭೂಮಿಯದಕ್ಕಿಂತ ಏಳು ಪಟ್ಟಿಗೂ ಹೆಚ್ಚು. ಹಾಗಾದರೆ ತಳವನ್ನು ಮೊದಲು ಮುಟ್ಟುವವರು ಯಾರು, ಕಲ್ಲೋ ಮಾರಿಯೋನೋ? ಅವಸರದಲ್ಲಿ ಉತ್ತರ ಕೊಟ್ಟರೆ ತಪ್ಪಾಗುವ ಸಂಭವ ಉಂಟು. ಹಳೆಯ ವಿಡಿಯೊ ಆಟಗಳು ಹುಟ್ಟಿ ನಾಲ್ಕು ದಶಕಗಳು ಕಳೆದರೂ ಜನರು ಅವುಗಳನ್ನು ಏಕೆ ಆಡುತ್ತಿದ್ದಾರೆ, ಆಡುವುದಷ್ಟೇ ಅಲ್ಲದೆ ಬಿಚ್ಚಿ ತಿದ್ದುತ್ತಲೂ ಏಕೆ ಇದ್ದಾರೆ ಎಂಬುದಕ್ಕೂ ಈ ಪ್ರಶ್ನೆಯ ಉತ್ತರವೇ ಕೀಲಿಕೈ.

ಕಟ್ಟೆಯಿಂದ ಕಟ್ಟೆಗೆ

ಆಟಗಾರನು ಒಂದು ಬೊಂಬೆಯನ್ನು ಓಡಿಸುತ್ತ, ಕಟ್ಟೆಯಿಂದ ಕಟ್ಟೆಗೆ ನೆಗೆಯಿಸುತ್ತ, ಹಳ್ಳಗಳನ್ನು ದಾಟಿಸುತ್ತ ಮುಂದೆ ಸಾಗುವ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು. ಜಪಾನಿನ ನಿಂಟೆಂಡೊ ಸಂಸ್ಥೆಗಾಗಿ ಶಿಗೆರು ಮಿಯಾಮೊಟೊ ಅವರು ರೂಪಿಸಿದ ‘ಡಾಂಕಿ ಕಾಂಗ್’ 1981ರಲ್ಲಿ ಹೊರಬಂದಿತು. ಉರುಳಿ ಬರುವ ಪೀಪಾಯಿಗಳನ್ನು ನೆಗೆದು ದಾಟುವುದು ಅದರ ಮುಖ್ಯ ವಿನೋದ. 1983ರಲ್ಲಿ ಅದೇ ಸಂಸ್ಥೆಯು ಮನೆಯ ಟೀವಿಗೆ ಜೋಡಿಸಬಹುದಾದ ‘ಫ್ಯಾಮಿಕಾಮ್’ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದಕ್ಕಾಗಿ 1985ರ ಸೆಪ್ಟೆಂಬರಿನಲ್ಲಿ ಪ್ರಕಟವಾದುದೇ ‘ಸೂಪರ್ ಮಾರಿಯೋ ಬ್ರದರ್ಸ್’.

ನಮ್ಮ ನಾಡಿನ ಪಟ್ಟಣಗಳ ಬಹುತೇಕ ಮನೆಗಳಿಗೆ ಈ ಆಟವು ಮೂಲ ಯಂತ್ರದೊಡನೆ ಬರಲಿಲ್ಲ. 1990ರ ದಶಕದಲ್ಲಿ ಅದರ ಅಗ್ಗದ ನಕಲುಗಳೊಡನೆ ಬಂದಿತು. ಜನರು ಅದನ್ನು ‘ಟೀವಿ ಗೇಮ್’ ಎಂದರು, ಆಟವನ್ನೊಳಗೊಂಡ ಡಬ್ಬಿಯನ್ನು ‘ಕ್ಯಾಸೆಟ್’ ಎಂದರು. ಅದರೊಳಗೆ ಸುರುಳಿಯೂ ಇರಲಿಲ್ಲ, ತಿರುಗುವ ಭಾಗವೂ ಇರಲಿಲ್ಲ; ಇದ್ದುದು ಅಳಿಯದ ಸ್ಮೃತಿಯ ಚಿಪ್ಪುಗಳು ಮಾತ್ರ.

ಆಟವು ಕ್ಯಾಸೆಟ್ಟಿನಲ್ಲಿ ಭದ್ರವಾಗಿದ್ದರೂ ಆಟಗಾರನ ಸಾಧನೆಗೆ ಆ ಭದ್ರತೆ ಇರಲಿಲ್ಲ. ಆತ ಎಲ್ಲಿಯವರೆಗೆ ಬಂದಿದ್ದಾನೆ, ಎಷ್ಟು ಅಂಕ ಗಳಿಸಿದ್ದಾನೆ ಎಂಬುದನ್ನೆಲ್ಲ ಯಂತ್ರವು ತನ್ನ 2 ಕಿಲೋಬೈಟುಗಳ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಳ್ಳುತ್ತಿತ್ತು. ವಿದ್ಯುತ್ತು ಹೋದೊಡನೆ ಆ ಸ್ಮೃತಿಯು ಬರಿದಾಗುತ್ತಿತ್ತು. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು 1969ರಲ್ಲಿ ಸ್ಥಾಪಿತವಾಯಿತು. ನಮ್ಮ ದೇಶದಲ್ಲಿ ಗ್ರಾಮಸ್ಥರೇ ಸದಸ್ಯರಾಗಿ ವಿದ್ಯುತ್ ವಿತರಣೆಯನ್ನು ನಡೆಸಿದ ಮೊದಮೊದಲ ಸಂಘಗಳಲ್ಲಿ ಅದೊಂದು. ಹಳ್ಳಿಯ ಮನೆಗೆ ತಂತಿ ಬಂದುದರಿಂದ ಟೀವಿ ಬಂದಿತು, ಟೀವಿಯ ಬೆನ್ನಿಗೆ ಆಟ ಬಂದಿತು. ಆದರೆ ಏಳನೆಯ ಲೋಕವನ್ನು ತಲುಪಿದ ಬಾಲಕನಿಗೂ ಕರೆಂಟು ಹೋದರೆ ಮತ್ತೆ ಮೊದಲನೆಯ ಹೆಜ್ಜೆಯೇ ಗತಿ. ಹೀಗೆ ಮತ್ತೆ ಮತ್ತೆ ಮೊದಲಿನಿಂದ ಆರಂಭಿಸಿದವರಿಗೆ ಪ್ರತಿಯೊಂದು ಇಟ್ಟಿಗೆಯ ಸ್ಥಾನವೂ ಕಂಠಪಾಠವಾದುದರಲ್ಲಿ ಆಶ್ಚರ್ಯವಿಲ್ಲ.

ರೂಪಾಯಿ, ಆಣೆ ಮತ್ತು ಗುರುತ್ವ

ಈಗ ನೆಗೆತದ ಒಳಗುಟ್ಟನ್ನು ನೋಡೋಣ. ಈ ಯಂತ್ರದ ಮಿದುಳು 1975ರ 6502 ಎಂಬ ಪ್ರಸಿದ್ಧ ಪ್ರಾಸೆಸರಿನ ವಂಶಕ್ಕೆ ಸೇರಿದ್ದು. ಕೂಡುವುದು, ಕಳೆಯುವುದು ಅದಕ್ಕೆ ತಿಳಿದಿವೆ. ಗುಣಿಸುವ ಆಜ್ಞೆಯೇ ಅದಕ್ಕಿಲ್ಲ. ವರ್ಗ, ವರ್ಗಮೂಲಗಳ ಮಾತಂತೂ ದೂರವೇ ಉಳಿಯಿತು. ಗುಣಾಕಾರವನ್ನರಿಯದ ಯಂತ್ರವು ಮೇಲೆಸೆದ ಚೆಂಡಿನಂತೆ ಬಾಗಿದ ಹಾದಿಯಲ್ಲಿ ಬೊಂಬೆಯನ್ನು ನೆಗೆಯಿಸುವುದು ಹೇಗೆ?

ಟೀವಿಯ ಪರದೆಯಲ್ಲಿ ಸೆಕೆಂಡಿಗೆ ಸುಮಾರು 60 ಚಿತ್ರಗಳು ಒಂದರ ಹಿಂದೊಂದು ಮೂಡುತ್ತವೆ. ಚಿತ್ರವು ಅಡ್ಡಲಾಗಿ 256, ನೆಟ್ಟಗೆ 240 ಚುಕ್ಕೆಗಳಿಂದ ಕೂಡಿದ್ದು. ಒಂದು ಇಟ್ಟಿಗೆಯ ಎತ್ತರ 16 ಚುಕ್ಕೆ. ನಿಂತಲ್ಲಿಂದ ನೆಗೆಯುವ ಮಾರಿಯೋನ ಆರಂಭದ ವೇಗ ಚಿತ್ರವೊಂದಕ್ಕೆ 4 ಚುಕ್ಕೆ. ಹೊಸ ಚಿತ್ರ ಮೂಡುವಾಗಲೆಲ್ಲ ಯಂತ್ರವು ಈ ವೇಗದಿಂದ ಒಂದು ಚಿಕ್ಕ ಮೊತ್ತವನ್ನು ಕಳೆಯುತ್ತದೆ; ಉಳಿದ ವೇಗದಷ್ಟು ಬೊಂಬೆಯನ್ನು ಮೇಲಕ್ಕೆ ಸರಿಸುತ್ತದೆ. ಆ ಚಿಕ್ಕ ಮೊತ್ತವೇ ಗುರುತ್ವ.

ಆ ಮೊತ್ತವೆಷ್ಟು? ಯಂತ್ರವು ಒಂದು ಚುಕ್ಕೆಯನ್ನು 256 ಭಾಗಗಳಾಗಿ ಒಡೆದು, ಅಂತಹ 32 ಭಾಗಗಳನ್ನು ಪ್ರತಿ ಚಿತ್ರಕ್ಕೂ ಕಳೆಯುತ್ತದೆ. ನಮ್ಮ ದೇಶದಲ್ಲಿ 1957ರಲ್ಲಿ ನಯಾಪೈಸೆ ಬರುವವರೆಗೆ ರೂಪಾಯಿಗೆ 16 ಆಣೆಗಳಿದ್ದುವು. ಆ ಲೆಕ್ಕದಲ್ಲಿ ಹೇಳಿದರೆ ವಿಷಯವು ಸುಲಭವಾಗಿ ಮನದಟ್ಟಾಗುತ್ತದೆ. ಒಂದು ಚುಕ್ಕೆ ಒಂದು ರೂಪಾಯಿಯಾದರೆ, 256ರಲ್ಲಿ 32 ಎಂದರೆ 2 ಆಣೆ. ಮಾರಿಯೋ 4 ರೂಪಾಯಿಗಳನ್ನು ಕಿಸೆಯಲ್ಲಿಟ್ಟುಕೊಂಡು ನೆಗೆಯುತ್ತಾನೆ. ಪ್ರತಿ ಚಿತ್ರಕ್ಕೂ 2 ಆಣೆ ತೆರಿಗೆ ಕೊಡುತ್ತಾನೆ. 32 ಚಿತ್ರಗಳಲ್ಲಿ ಕಿಸೆ ಬರಿದಾಗುತ್ತದೆ. ಆದಿಯಲ್ಲಿ 4, ಅಂತ್ಯದಲ್ಲಿ 0, ಆದ್ದರಿಂದ ಸರಾಸರಿ ವೇಗ 2; ಒಟ್ಟು ಏರಿದ ಎತ್ತರ 32 × 2 = 64 ಚುಕ್ಕೆ, ಅಂದರೆ ಸರಿಯಾಗಿ ನಾಲ್ಕು ಇಟ್ಟಿಗೆ. ತಗಲಿದ ಕಾಲ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ನ್ಯೂಟನ್ನನ ಚಲನೆಯ ನಿಯಮವು ಇಲ್ಲಿ ಕೇವಲ ಸಂಕಲನ, ವ್ಯವಕಲನಗಳ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ.

ಬೀಳುವಾಗಿನ ಕಥೆಯೇ ಬೇರೆ. ಆಕಾಶಕ್ಕೆಸೆದ ಚೆಂಡು ಏರಲು ತೆಗೆದುಕೊಂಡಷ್ಟೇ ಕಾಲವನ್ನು ಇಳಿಯಲೂ ತೆಗೆದುಕೊಳ್ಳುತ್ತದೆ. ಮಾರಿಯೋ ಹಾಗಲ್ಲ. ಇಳಿಯುವಾಗ ಅವನ ವೇಗವು ಚಿತ್ರವೊಂದಕ್ಕೆ 2 ಆಣೆಯಲ್ಲ, 7 ಆಣೆಯಷ್ಟು ಏರುತ್ತದೆ. ಹೀಗಾಗಿ 32 ಚಿತ್ರಗಳಲ್ಲಿ ಏರಿದವನು ಸುಮಾರು 21 ಚಿತ್ರಗಳಲ್ಲಿ ನೆಲಕ್ಕೆ ಬರುತ್ತಾನೆ.

ಇನ್ನೊಂದು ವಿಚಿತ್ರವನ್ನು ಗಮನಿಸಬೇಕು. ಏರುವಾಗ 2 ಆಣೆಯ ರಿಯಾಯಿತಿ ದೊರೆಯುವುದು ಗುಂಡಿಯನ್ನು ಒತ್ತಿ ಹಿಡಿದವರಿಗೆ ಮಾತ್ರ. ನಡುವೆ ಬೆರಳನ್ನು ತೆಗೆದರೆ ಆ ಕ್ಷಣದಿಂದಲೇ 7 ಆಣೆಯ ದರ ಜಾರಿಗೆ ಬರುತ್ತದೆ. ಗುಂಡಿಯನ್ನು ಮುಟ್ಟಿ ಬಿಟ್ಟರೆ ಒಂದು ಇಟ್ಟಿಗೆಗಿಂತ ತುಸು ಹೆಚ್ಚಿನ ನೆಗೆತ. ಹಿಡಿದೇ ಇದ್ದರೆ ನಾಲ್ಕು ಇಟ್ಟಿಗೆಯ ನೆಗೆತ. ಇವೆರಡರ ನಡುವಣ ಎಲ್ಲ ಎತ್ತರಗಳೂ ಬೆರಳಿನ ಅಧೀನ. ನಿಜಜೀವನದಲ್ಲಿ ನೆಲವನ್ನು ಬಿಟ್ಟ ಮೇಲೆ ನೆಗೆತವನ್ನು ಹಿಗ್ಗಿಸಲಾಗದು, ಕುಗ್ಗಿಸಲಾಗದು. ಈ ಆಟದಲ್ಲಿ ಎರಡೂ ಸಾಧ್ಯ. ಭೌತಶಾಸ್ತ್ರದ ದೃಷ್ಟಿಯಿಂದ ಇದು ಸುಳ್ಳು. ಆದರೆ ಬೆರಳಿನ ಇಚ್ಛೆಗೂ ಪರದೆಯ ಚಲನೆಗೂ ನಡುವೆ ಸೆಕೆಂಡಿನ ಅರುವತ್ತನೆಯ ಒಂದೆರಡು ಪಾಲಿನಷ್ಟೇ ಅಂತರವಿರುವುದರಿಂದ, ಆಟಗಾರನು ಬೊಂಬೆಯನ್ನು ನೆಗೆಯಿಸುತ್ತಿದ್ದೇನೆಂದು ಭಾವಿಸುವುದಿಲ್ಲ, ತಾನೇ ನೆಗೆದೆನೆಂದು ಭಾವಿಸುತ್ತಾನೆ. ಈ ಆಟಗಳ ಆಕರ್ಷಣೆಯ ಮೊದಲನೆಯ ಕಾರಣ ಇದು.

ಜಲಪಾತದ ಪ್ರಶ್ನೆಗೆ ಉತ್ತರ

ಗೋಕಾಕದ ಪ್ರಶ್ನೆಗೆ ಮರಳೋಣ. ಅಣಬೆಯನ್ನು ತಿಂದು ದೊಡ್ಡವನಾದ ಮಾರಿಯೋನ ಎತ್ತರ 32 ಚುಕ್ಕೆ. ಅದನ್ನು ಒಂದೂವರೆ ಮೀಟರು ಎಂದಿಟ್ಟುಕೊಂಡರೆ ಚುಕ್ಕೆಗಳನ್ನು ಮೀಟರುಗಳಿಗೆ ತಿರುಗಿಸಬಹುದು. ಏರುವಾಗಿನ ಗುರುತ್ವವು ಸುಮಾರು 21, ಬೀಳುವಾಗಿನದು ಸುಮಾರು 74 ಮೀಟರು ಪ್ರತಿ ಸೆಕೆಂಡಿಗೆ ಪ್ರತಿ ಸೆಕೆಂಡಿಗೆ ಎಂದು ಬರುತ್ತದೆ. ಭೂಮಿಯ 9.8ಕ್ಕೆ ಹೋಲಿಸಿದರೆ ಮೊದಲನೆಯದು ಎರಡು ಪಟ್ಟಿಗೂ, ಎರಡನೆಯದು ಏಳು ಪಟ್ಟಿಗೂ ಹೆಚ್ಚು.

ಆದರೂ ಕಲ್ಲೇ ಮೊದಲು ತಳವನ್ನು ಮುಟ್ಟುತ್ತದೆ! ಮಾರಿಯೋನ ಲೋಕದಲ್ಲಿ ಇನ್ನೊಂದು ಕಟ್ಟಳೆಯಿದೆ: ಬೀಳುವ ವೇಗವು ಚಿತ್ರವೊಂದಕ್ಕೆ ಸುಮಾರು 4 ಚುಕ್ಕೆಗಳನ್ನು ಮೀರಕೂಡದು. ಸುಮಾರು ಒಂಬತ್ತೇ ಚಿತ್ರಗಳಲ್ಲಿ ಅವನು ಆ ಮಿತಿಯನ್ನು ತಲುಪುತ್ತಾನೆ. ಆಮೇಲೆ ಸೆಕೆಂಡಿಗೆ 11 ಮೀಟರುಗಳಷ್ಟೇ ವೇಗದಲ್ಲಿ ಒಂದೇ ಸಮನೆ ಇಳಿಯುತ್ತಾನೆ. 52 ಮೀಟರುಗಳನ್ನು ಇಳಿಯಲು ಅವನಿಗೆ ಸುಮಾರು 4.7 ಸೆಕೆಂಡುಗಳು ಬೇಕು. ಕಲ್ಲು ತಳಕ್ಕೆ ಬಿದ್ದು ಒಂದು ಸೆಕೆಂಡಿಗೂ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ.

ಈ ಮಿತಿಯಿಂದ ಏನು ಪ್ರಯೋಜನ? ಮಿತಿಯಿಲ್ಲದೆ ಅವನು ಜಲಪಾತದ ಎತ್ತರದಿಂದ ಬಿದ್ದಿದ್ದರೆ, ಕೊನೆಯಲ್ಲಿ ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಸುಮಾರು 31 ಚುಕ್ಕೆಗಳಷ್ಟು ಹಾರುತ್ತಿದ್ದ. ಒಂದು ಇಟ್ಟಿಗೆಯ ದಪ್ಪ 16 ಚುಕ್ಕೆ ಮಾತ್ರ. ಒಂದು ಚಿತ್ರದಲ್ಲಿ ಇಟ್ಟಿಗೆಯ ಮೇಲಿದ್ದವನು ಮರುಚಿತ್ರದಲ್ಲಿ ಅದರ ಕೆಳಗಿರುತ್ತಿದ್ದ. ಅವನು ಇಟ್ಟಿಗೆಗೆ ತಾಕಿದನೆಂಬ ಸಂಗತಿಯೇ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ವೇಗಕ್ಕೆ ಮಿತಿಯಿದ್ದರೆ ನೆಲವು ನೆಲವಾಗಿ ಉಳಿಯುತ್ತದೆ, ಕಣ್ಣಿಗೂ ಬೆರಳಿಗೂ ತಿದ್ದಿಕೊಳ್ಳುವ ಅವಕಾಶವು ಉಳಿಯುತ್ತದೆ.

ಇಷ್ಟರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. 4, 2 ಆಣೆ, 7 ಆಣೆ, ಮತ್ತೆ 4: ಈ ಕೆಲವೇ ಸಂಖ್ಯೆಗಳಲ್ಲಿ ಒಂದು ಲೋಕದ ನಿಯಮವು ಅಡಗಿದೆ. ಆಟದ ಮೊದಲ ಹಂತದಲ್ಲಿ ಬರುವ ಕೊಳವೆಗಳಲ್ಲಿ ಅತಿ ಎತ್ತರವಾದುದು ನಾಲ್ಕು ಇಟ್ಟಿಗೆಯಷ್ಟಿದೆ. ನಿಂತಲ್ಲಿಂದ ನೆಗೆದರೆ ಎಟುಕುವುದೂ ಅಷ್ಟೇ. ಓಡಿ ಬಂದು ನೆಗೆದರೆ ಐದು ಇಟ್ಟಿಗೆ ಎಟುಕುತ್ತದೆ. ಲೋಕವು ನೆಗೆತಕ್ಕೆ, ನೆಗೆತವು ಲೋಕಕ್ಕೆ ಅಳತೆಮಾಡಿ ಹೊಂದಿಸಿದಂತಿವೆ. ಇಡೀ ಆಟದ ಗಾತ್ರ 40 ಕಿಲೋಬೈಟು, ಎಂದರೆ 40,960 ಬೈಟುಗಳು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರವೇ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಜಾಗವನ್ನು ಉಳಿಸಲು ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರವನ್ನು ಬಳಸಿದ್ದಾರೆ. ಬಿಳಿಯ ಬಣ್ಣ ಕೊಟ್ಟರೆ ಮೋಡ, ಹಸುರು ಕೊಟ್ಟರೆ ಪೊದೆ. ಬಾಲ್ಯದಲ್ಲಿ ನೂರು ಬಾರಿ ಆಡಿದವರೂ ಇದನ್ನು ಬೇರೆಯವರು ತೋರಿಸಿಕೊಟ್ಟ ಮೇಲೆಯೇ ಕಾಣುತ್ತಾರೆ.

ಬಿಚ್ಚಿ ತಿದ್ದುವವರು

ಆಟವನ್ನು ತಿದ್ದುವುದು ನಮ್ಮ ನಾಡಿಗೆ ಹೊಸದಲ್ಲ. ಮೂಡಲಗಿಯ ಒಂದು ಓಣಿಯ ಮಕ್ಕಳು ಐದು ಮನೆಗಳ ಚೌಕಾಬಾರದಲ್ಲಿ ನಿಪುಣರಾದರೆ ನೆಲದ ಮೇಲೆ ಏಳು ಮನೆಗಳ ಚೌಕವನ್ನು ಗೀಚುತ್ತಾರೆ. ಪಕ್ಕದ ಓಣಿಯವರೊಡನೆ ಆಡುವಾಗ ಯಾರ ಕಟ್ಟಳೆ ನಡೆಯಬೇಕೆಂದು ಮೊದಲು ವಾದ ನಡೆಯುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಳೆಯ ಹಾಸುಗಳನ್ನೂ ಗಂಜೀಫಾ ಎಲೆಗಳನ್ನೂ ಹಿಗ್ಗಿಸಿ ಎಷ್ಟೋ ಹೊಸ ಆಟಗಳನ್ನು ರಚಿಸಿದರು. ಕಟ್ಟಳೆಗಳು ಚಿಕ್ಕವೂ ಸ್ಪಷ್ಟವೂ ಆಗಿದ್ದರೆ ಆಡುವವನಿಗೆ ಅವುಗಳನ್ನು ಬದಲಿಸುವ ಹಂಬಲ ತಾನಾಗಿಯೇ ಹುಟ್ಟುತ್ತದೆ. ಹಳೆಯ ವಿಡಿಯೊ ಆಟಗಳ ವಿಷಯದಲ್ಲಿಯೂ ನಡೆದುದು ಇದೇ.

ನಮ್ಮ ಪೇಟೆಗಳಲ್ಲಿ ದೊರೆಯುತ್ತಿದ್ದ ಕ್ಯಾಸೆಟ್ಟುಗಳ ಮೇಲೆ ಸಾವಿರಾರು ಆಟಗಳಿವೆಯೆಂದು ಅಚ್ಚುಹಾಕಿರುತ್ತಿದ್ದುದು ಹಲವರಿಗೆ ನೆನಪಿರಬಹುದು. ಆಡಿ ನೋಡಿದರೆ ಬೇರೆ ಬೇರೆ ಆಟಗಳು ಬೆರಳೆಣಿಕೆಯಷ್ಟು. ಒಂದೇ ಆಟವು ಒಮ್ಮೆ ಮೂರನೆಯ ಹಂತದಿಂದ, ಮತ್ತೊಮ್ಮೆ ಐದನೆಯ ಹಂತದಿಂದ ಆರಂಭವಾಗುತ್ತಿತ್ತು. ಯಾರೋ ಆಟದ ಕೆಲವು ಬೈಟುಗಳನ್ನು ಬದಲಿಸಿದ್ದರು. ಕೊಂಡವನಿಗೆ ಅದು ಮೋಸವೆನಿಸಿದ್ದರೂ, ಆಟವೆಂಬುದು ಕಲ್ಲಿನಲ್ಲಿ ಕೆತ್ತಿದ್ದಲ್ಲ, ತಿದ್ದಬಹುದಾದ ಸಂಖ್ಯೆಗಳ ಸಾಲು ಎಂಬುದಕ್ಕೆ ಅದೊಂದು ನಿದರ್ಶನ.

ಏರುವಾಗಿನ ಗುರುತ್ವವನ್ನು ಸೂಚಿಸುವ 32 ಎಂಬ ಬೈಟನ್ನು 16 ಎಂದು ತಿದ್ದಿದರೆ ಏನಾಗುವುದು? ತೆರಿಗೆ 2 ಆಣೆಯ ಬದಲು 1 ಆಣೆ. ಕಿಸೆ ಬರಿದಾಗಲು 64 ಚಿತ್ರಗಳು ಬೇಕು. ಸರಾಸರಿ ವೇಗ ಹಿಂದಿನಂತೆಯೇ 2. ಎತ್ತರ 128 ಚುಕ್ಕೆ, ಎಂಟು ಇಟ್ಟಿಗೆ. ಕಾಗದದ ಮೇಲೆ ಹೀಗೆ ಮೊದಲೇ ಹೇಳಿ, ಆಮೇಲೆ ಆಡಿ ನೋಡಿ ತಾಳೆಹಾಕಬಹುದು. ಊಹಿಸುವುದು, ಒಂದನ್ನೇ ಬದಲಿಸುವುದು, ಫಲವನ್ನು ಅಳೆಯುವುದು: ಪ್ರಯೋಗಶಾಲೆಯಲ್ಲಿ ನಾವು ಕಲಿಸಲು ಯತ್ನಿಸುವ ವಿಧಾನವೂ ಇದೇ ಅಲ್ಲವೆ? ಆದರೆ ಎಂಟು ಇಟ್ಟಿಗೆ ನೆಗೆಯುವವನಿಗೆ ಕೊಳವೆಯು ಅಡ್ಡಿಯಾಗಿ ಉಳಿಯುವುದಿಲ್ಲ. ಆಟದ ರುಚಿಯೇ ಕೆಡುತ್ತದೆ. ಆಗ ತಿದ್ದುವವನು ಹಂತಗಳನ್ನೂ ಹೊಸದಾಗಿ ಕಟ್ಟಬೇಕು. ಒಂದು ಸಂಖ್ಯೆಯು ಮಿಕ್ಕೆಲ್ಲವನ್ನೂ ಹೇಗೆ ಬಿಗಿದಿದೆಯೆಂಬುದು ಅವನಿಗೆ ಆಗ ಅರಿವಾಗುತ್ತದೆ.

1990ರಲ್ಲಿ ಬಂದ ‘ಸೂಪರ್ ಮಾರಿಯೋ ವರ್ಲ್ಡ್’ ಆಟದ ಹಂತಗಳನ್ನು ತಿದ್ದಲು ಹವ್ಯಾಸಿಯೊಬ್ಬರು ರಚಿಸಿದ ‘ಲೂನಾರ್ ಮ್ಯಾಜಿಕ್’ ಎಂಬ ಸಾಧನವು 2000ದಲ್ಲಿ ಹೊರಬಂದಿತು. ಅಂದಿನಿಂದ ಅಸಂಖ್ಯ ಹೊಸ ಹಂತಗಳು ಹುಟ್ಟಿವೆ. ಇಲ್ಲಿ ನ್ಯಾಯದ ಪ್ರಶ್ನೆಯೊಂದು ಇದೆಯೆಂಬುದನ್ನು ಮರೆಯಬಾರದು. ಮೂಲ ಆಟವು ಅದರ ಒಡೆಯರ ಸ್ವತ್ತು. ಅದನ್ನು ಇಡಿಯಾಗಿ ನಕಲು ಮಾಡಿ ಹಂಚುವುದು ಸಲ್ಲದು. ಆದುದರಿಂದ ಎಚ್ಚರವುಳ್ಳವರು ತಾವು ಬದಲಿಸಿದ ಬೈಟುಗಳ ಪಟ್ಟಿಯನ್ನು ಮಾತ್ರ ‘ಪ್ಯಾಚ್’ ಎಂಬ ಹೆಸರಿನಲ್ಲಿ ಹಂಚುತ್ತಾರೆ. ಪುಸ್ತಕವನ್ನು ಹಂಚದೆ ತಪ್ಪೊಪ್ಪೋಲೆಯನ್ನಷ್ಟೇ ಹಂಚಿದಂತೆ ಇದು.

ಖಾಲಿ ಅಂಕಿಯೂ ಕನ್ನಡದ ಅಕ್ಷರವೂ

ಈ ಯಂತ್ರಕ್ಕೆ ಅಕ್ಷರವೆಂದರೆ ಏನೆಂಬುದನ್ನು ಅರಿಯಲು ಆಟದಲ್ಲಿಯೇ ಇರುವ ಒಂದು ದೋಷವು ನೆರವಾಗುತ್ತದೆ. ಮೊದಲನೆಯ ಲೋಕದ ಎರಡನೆಯ ಹಂತದಲ್ಲಿ ಗೋಡೆಯೊಂದನ್ನು ಉಪಾಯದಿಂದ ತೂರಿಹೋಗುವ ಆಟಗಾರನು ಎಂದಿಗೂ ಮುಗಿಯದ ನೀರೊಳಗಿನ ಹಂತವನ್ನು ಸೇರುತ್ತಾನೆ. ಪರದೆಯ ಮೇಲೆ ಅದರ ಹೆಸರು ‘–1’ ಎಂದು ತೋರುತ್ತದೆ. ಋಣ ಒಂದನೆಯ ಲೋಕವೆಂದು ಮಕ್ಕಳು ಬೆರಗಾದರು. ನಿಜವಾಗಿ ಅದು 36ನೆಯ ಲೋಕದ ಒಂದನೆಯ ಹಂತ. ಯಂತ್ರದ ಚಿತ್ರಪಟ್ಟಿಯಲ್ಲಿ 0ಯಿಂದ 9ರವರೆಗಿನ ಸ್ಥಾನಗಳಲ್ಲಿ ಅಂಕಿಗಳೂ, 10ರಿಂದ 35ರವರೆಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳೂ ಇವೆ. 36ನೆಯ ಸ್ಥಾನದಲ್ಲಿರುವುದು ಖಾಲಿ ಚೌಕ! ‘36–1’ ಎಂದು ಬರೆಯಹೊರಟ ಯಂತ್ರವು ಖಾಲಿ ಚೌಕವನ್ನಿಟ್ಟು, ಗೆರೆಯನ್ನೆಳೆದು, 1 ಎಂದು ಬರೆಯಿತು. ಯಂತ್ರಕ್ಕೆ ಅಕ್ಷರದ ಅರ್ಥ ತಿಳಿಯದು. ಇಂತಹ ಸ್ಥಾನದ ಚಿತ್ರವನ್ನು ಇಲ್ಲಿಡು ಎಂಬುದಷ್ಟೇ ಅದಕ್ಕೆ ತಿಳಿದಿದೆ.

ಹಾಗಿದ್ದರೆ ಇಂತಹ ಆಟಕ್ಕೆ ಕನ್ನಡವನ್ನು ಕಲಿಸಬಹುದೆ? ಹಿನ್ನೆಲೆಯನ್ನು ಬರೆಯಲು ಯಂತ್ರಕ್ಕೆ ಒಮ್ಮೆಗೆ ದೊರೆಯುವುದು 8 × 8 ಚುಕ್ಕೆಗಳ 256 ಚೌಕಗಳು. ಕನ್ನಡದ 34 ವ್ಯಂಜನಗಳನ್ನು 13 ಸ್ವರಗಳೊಡನೆ ಕೂಡಿಸಿದರೆ ಕಾಗುಣಿತವೇ 442 ರೂಪಗಳಾಗುತ್ತದೆ, ಒತ್ತಕ್ಷರಗಳು ಬೇರೆ. ಅಲ್ಲದೆ ಎಂಟು ಚುಕ್ಕೆಗಳ ಎತ್ತರದಲ್ಲಿ ತಲೆಕಟ್ಟನ್ನೂ ಕೊಂಬನ್ನೂ ಒಟ್ಟಿಗೆ ತೋರಿಸುವುದು ಕಷ್ಟ. ಇಲ್ಲಿಗೆ ಕೈಚೆಲ್ಲಬೇಕಾಗಿಲ್ಲ. ಇಡೀ ವರ್ಣಮಾಲೆ ಯಾರಿಗೆ ಬೇಕು? ‘ಆಟ ಮುಗಿಯಿತು’ ಎಂಬ ಮಾತಿಗೆ ಬೇಕಾದುದು ಆರು ರೂಪಗಳು ಮಾತ್ರ. ಒಂದೊಂದನ್ನೂ ನಾಲ್ಕು ಚೌಕಗಳಲ್ಲಿ ಧಾರಾಳವಾಗಿ ಬರೆದರೂ 24 ಚೌಕಗಳು ಸಾಕು. ಅದೇ ಅರ್ಥದ ‘ಗೇಮ್ ಓವರ್’ ಎಂಬುದಕ್ಕೆ ಇಂಗ್ಲಿಷಿನ ಏಳು ಅಕ್ಷರಗಳು ಏಳೇ ಚೌಕಗಳಲ್ಲಿ ಹಿಡಿಯುತ್ತವೆ. ಉಳಿದ ಹದಿನೇಳು ಚೌಕಗಳನ್ನು ಎಲ್ಲಿಂದ ತರಬೇಕು, ಯಾವ ಚಿತ್ರವನ್ನು ಬಿಡಬೇಕು ಎಂದು ತಲೆಕೆಡಿಸಿಕೊಳ್ಳುವ ವಿದ್ಯಾರ್ಥಿಗೆ ತನ್ನ ಲಿಪಿಯ ರಚನೆಯೂ ಯಂತ್ರದ ರಚನೆಯೂ ಏಕಕಾಲದಲ್ಲಿ ತಿಳಿಯುತ್ತವೆ.

ಏಕೆ ಉಳಿದಿವೆ?

ಹಳೆಯದರ ಮೇಲಿನ ಮಮತೆಯೇ ಈ ಆಟಗಳನ್ನು ಉಳಿಸಿದೆಯೆಂದು ಕೆಲವರು ಹೇಳುವುದುಂಟು. ಅದು ಅರ್ಧ ಸತ್ಯ. ಈ ಆಟಗಳು ಹೊರಬಂದಾಗ ಹುಟ್ಟಿಯೇ ಇರದಿದ್ದ ತರುಣರೂ ಇಂದು ಅವುಗಳನ್ನು ಆಡುತ್ತಿದ್ದಾರೆ, ತಿದ್ದುತ್ತಿದ್ದಾರೆ. ಅವರಿಗೆ ನೆನಪಿಸಿಕೊಳ್ಳಲು ಏನೂ ಇಲ್ಲ. ಇವು ಉಳಿದಿರುವುದು ಒಬ್ಬನ ಬುದ್ಧಿಗೆ ಇಡಿಯಾಗಿ ಎಟುಕುವಷ್ಟು ಚಿಕ್ಕವಾಗಿರುವುದರಿಂದ ಎಂದು ನಾವು ತಿಳಿಯುತ್ತೇವೆ. ಇಂದು ನಮ್ಮ ಕಿಸೆಯಲ್ಲಿರುವ ಮೊಬೈಲನ್ನು ಯಾವೊಬ್ಬ ತಜ್ಞನೂ ಪೂರ್ತಿಯಾಗಿ ಅರಿತಿಲ್ಲ. ಅದರ ಬೆನ್ನನ್ನು ತೆರೆಯುವುದೂ ಸುಲಭವಲ್ಲ. ಯಂತ್ರಗಳನ್ನು ಬಳಸುವವರಾಗಿ ಮಾತ್ರ ಬೆಳೆಯುವ ಪೀಳಿಗೆಗೆ, ಯಂತ್ರವು ಕೊನೆಗೂ ಮನುಷ್ಯನು ಬರೆದ ಲೆಕ್ಕವೆಂಬ ನಂಬಿಕೆಯೇ ತಪ್ಪಿಹೋಗುವ ಅಪಾಯವಿದೆ. 40,960 ಬೈಟುಗಳ ಆಟವಾದರೋ ಆ ನಂಬಿಕೆಯನ್ನು ಮರಳಿಸುತ್ತದೆ. ಹಳೆಯ ಯಂತ್ರದಂತೆಯೇ ನಡೆದುಕೊಳ್ಳುವ ಎಮ್ಯುಲೇಟರುಗಳು ಸಾಧಾರಣವಾದ ಕಂಪ್ಯೂಟರಿನಲ್ಲಿಯೂ ನಡೆಯುತ್ತವೆ. ಅವುಗಳಿಗಾಗಿ ತಾನೇ ಹೊಸ ಪುಟ್ಟ ಆಟವನ್ನು ಬರೆಯುವವನಿಗೆ ಯಾರ ಅನುಮತಿಯೂ ಬೇಕಾಗಿಲ್ಲ. ತಾಲ್ಲೂಕು ಪಟ್ಟಣದ ವಿದ್ಯಾರ್ಥಿಗೂ ಈ ಪ್ರಯೋಗಶಾಲೆಯ ಬಾಗಿಲು ತೆರೆದಿದೆ.

ಕಂಪ್ಯೂಟರು ದೊರೆಯದವರಿಗೆ ಚೌಕುಳಿಯ ಕಾಗದವೂ ಸಾಕು. ಚಂದ್ರನ ಮೇಲಿನ ಗುರುತ್ವವು ಭೂಮಿಯದರ ಆರನೆಯ ಒಂದು ಪಾಲು. ಮಾರಿಯೋನ 32ನ್ನು ಆರರಿಂದ ಭಾಗಿಸಿ, ಪೂರ್ಣಾಂಕವಾಗಿ 5 ಎಂದಿಟ್ಟುಕೊಳ್ಳಿ. ಅವನು ಎಷ್ಟು ಇಟ್ಟಿಗೆಗಳ ಎತ್ತರಕ್ಕೆ ನೆಗೆಯುವನು? ಹದಿನೈದು ಇಟ್ಟಿಗೆಗಳ ಎತ್ತರದ ಪರದೆಯೊಳಗೆ ಉಳಿಯುವನೆ? ಉಳಿಯದಿದ್ದರೆ, ಅವನನ್ನು ಪರದೆಯೊಳಗೇ ಇರಿಸಲು ಆರಂಭದ ವೇಗವನ್ನು 4ರಿಂದ ಎಷ್ಟಕ್ಕೆ ಇಳಿಸಬೇಕು? ವಾಚಕರು ಮೊದಲು ಊಹಿಸಲಿ, ಆಮೇಲೆ ಲೆಕ್ಕ ಹಾಕಲಿ. ಊಹೆಗೂ ಲೆಕ್ಕಕ್ಕೂ ಅಂತರ ಬಂದರೆ ಬೇಸರಪಡಬೇಕಾಗಿಲ್ಲ. ಜಲಪಾತದ ಅಂಚಿನಲ್ಲಿ ನಮ್ಮ ಮೊದಲ ಊಹೆಯೂ ತಪ್ಪಿತ್ತಲ್ಲವೆ?